ಎಣ್ಣೆ ಕಾಸುವ ಕೊಳವೆ

1948ರ ಪೊಲೀಸ್ ಕಾರ್ಯಾಚರಣೆ ಮುಗಿದು ವಾರವಾಗಿತ್ತು. ಬೀದರಿನ ವಿಮಾನ ಇಳಿಯುವ ಬಯಲಿನಲ್ಲಿ, ವಿಮಾನದ ಗಾಲಿಗೆ ಗಾಳಿ ತುಂಬುವ ಕಂಪ್ರೆಸರ್ ನಡೆಸುವುದು ನನ್ನ ಕೆಲಸ. ಪೆಟ್ರೋಲ್ ಸಿಗದ ಕಾಲ. ಭಾಲ್ಕಿಯ ಬಸ್ಸಿನವರನ್ನು ನೋಡಿ ನಾನೂ ಸೀಮೆಎಣ್ಣೆಯ ತಾಮ್ರದ ಕೊಳವೆಯನ್ನು ಇಂಜಿನ್ನಿನ ಹೊಗೆ ಪೈಪಿಗೆ ಸುತ್ತಿದ್ದೆ. ಆ ಬಿಸಿಗೆ ಎಣ್ಣೆ ಆವಿಯಾದರೆ ಇಂಜಿನ್ ಓಡುತ್ತದೆ. ಆದರೆ ಪೈಪು ಕಾಯುವ ತನಕ, ಶುರುವಿಗೆ ಒಂದು ಲೋಟ ಪೆಟ್ರೋಲ್ ಕುಡಿಸಲೇಬೇಕು.

ಅಂದು ಒಂದು ವಿಮಾನದ ಗಾಲಿಗಳಿಗೆ ಗಾಳಿ ತುಂಬುತ್ತಿದ್ದೆ. ಹೊಸದಾಗಿ ಬಂದಿದ್ದ ಹವಾಲ್ದಾರ, ಧಾರವಾಡದ ಕಡೆಯವನು, ಆ ಸುರುಳಿ ಕಂಡವನೇ ನನ್ನೆದೆಗೆ ಬಂದೂಕು ಹಿಡಿದ.

“ಏನಲೇ ಇದು? ಬಾಂಬ್ ಇಟ್ಟೀ ಏನ್? ಬಂದ್ ಮಾಡು!”

“ಬಾಂಬ್ ಅಲ್ಲರಿ ಸಾಹೇಬರ, ಎಣ್ಣಿ ಕಾಸೂ ನಳಿಗಿರಿ. ಬಂದ್ ಮಾಡಿ ಇದು ಆರಿದ್ರ ಮತ್ತ ಚಾಲೂ ಆಗಂಗಿಲ್ಲ. ನನ್ನ ಕಡಿ ಒಂದ್ ಹನಿ ಪೆಟ್ರೋಲ್ ಇಲ್ಲರಿ.”

“ಮೂರು ಎಣಸ್ತೇನಿ.”

ಎರಡಕ್ಕೇ ಬಂದ್ ಮಾಡಿದೆ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತುವ ಧೈರ್ಯವಿಲ್ಲ. ಹಾಗೇ ಎಷ್ಟು ಹೊತ್ತು ನಿಂತೆನೋ, ಪೈಪು ಪೂರ್ತಿ ಆರಿತು.

ಅಷ್ಟರಲ್ಲಿ ಆ ವಿಮಾನದ ಪೈಲಟ್ ಬಂದು ರೇಗಿದ. ಒಂದು ಗಾಲಿಗೆ ಇನ್ನೂ ಗಾಳಿಯಿಲ್ಲ! ಹವಾಲ್ದಾರ ಬಂದೂಕು ಇಳಿಸಿ, ತನ್ನ ಜೀಪಿನಿಂದ ತಾನೇ ಪೆಟ್ರೋಲ್ ಡಬ್ಬಿ ಹೊತ್ತು ತಂದ. ಲೋಟ ಸುರಿದು ಹ್ಯಾಂಡಲ್ ತಿರುವಿದೆ. ಇಂಜಿನ್ ಚಾಲೂ ಆಯಿತು. ಗಾಲಿ ತುಂಬುವಷ್ಟರಲ್ಲಿ ಹೊಗೆ ಪೈಪು ಕಾದು ಕೆಂಪಗಾಗಿತ್ತು.

“ಖರೇನ ಬಾಂಬ್ ಅಲ್ಲ ಬಿಡು” ಎಂದ ಹವಾಲ್ದಾರ, ಒಂದು ಕೈಯಲ್ಲಿ ಆ ಪೆಟ್ರೋಲ್ ಡಬ್ಬಿ ಹಿಡಿದೇ, ಕೆಂಪು ಪೈಪಿಗೆ ತಾಗಿಸಿ ಬೀಡಿ ಹಚ್ಚಲು ಬಗ್ಗಿದ.

ಬಂದೂಕಿನ ಮುಂದೆ ಅಲುಗದೆ ನಿಂತಿದ್ದ ನಾನು ಆಗ ಕಿತ್ತೆ ನೋಡಿ ಓಟ. ಪೈಲಟ್ ನನಗಿಂತ ಮುಂದಿದ್ದ.