ಅಪ್ಪ ಹೊಲದಲ್ಲಿ ಕೂತಿದ್ದಾನೆ ಅಂದೆವು

ನನ್ನ ಮಗ ತರೀಕೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಸತ್ತ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೂರಿಸಿ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಅವನ ಆರು ವರ್ಷದ ಮಗಳನ್ನು ಅಲ್ಲಿಗೆ ಕರೆದೊಯ್ಯಲಿಲ್ಲ. ಪಕ್ಕದ ಮನೆಯಲ್ಲಿ, ಬಟ್ಟೆ ಹೊಲಿಯುವ ಮುಸ್ಲಿಮರ ಹೆಂಗಸಿನ ಹತ್ತಿರ ಬಿಟ್ಟಿದ್ದೆವು.

ಸೊಸೆ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಸಂಜೆ ಮಗು ನನ್ನನ್ನು ಕೇಳಿತು, "ಅಪ್ಪ ಎಲ್ಲಜ್ಜಿ?"

"ಹೊಲದಾಗೆ ಕೂತವ್ನೆ ಕಣೇ," ಅಂದೆ. ಅದು ಸುಳ್ಳೇನಲ್ಲ. ಆದರೆ ಸತ್ತ ಅನ್ನುವ ಮಾತನ್ನು ನುಂಗಿದೆ.

ಬೀದಿಯವರು ಒಳ್ಳೆಯವರು. ಹನ್ನೊಂದು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲು ಬಿಡಲಿಲ್ಲ. ಒಂದು ಮನೆಯಿಂದ ಮುದ್ದೆ ಬರುತ್ತಿತ್ತು, ಇನ್ನೊಂದು ಮನೆಯಿಂದ ಸಾರು. ಮಗು ಯಾರನ್ನು ಕೇಳಿದರೂ ನಾನು ಹೇಳಿದ್ದನ್ನೇ ಹೇಳಿದರು. ಅದು ಅಳಲಿಲ್ಲ. ಸದ್ಯ, ಸುಧಾರಿಸಿಕೊಂಡಿದೆ ಅಂದುಕೊಂಡೆವು.

ಆಮೇಲೆ ಅದು ಅರ್ಧ ರೊಟ್ಟಿ ತಿಂದು ಇನ್ನರ್ಧವನ್ನು ಲಂಗದಲ್ಲಿ ಕಟ್ಟಿಕೊಳ್ಳತೊಡಗಿತು. ನಾಯಿಗೆ ಹಾಕುತ್ತದೆ ಅಂದುಕೊಂಡೆ. ನೀರಿನ ಬಾಟಲಿ ಕಾಣೆಯಾಯಿತು. ಒಂದು ಮಧ್ಯಾಹ್ನ ನೋಡಿದರೆ ಕಳೆ ತೆಗೆಯುವ ಕುಡುಗೋಲೂ ಇಲ್ಲ, ಮಗುವೂ ಇಲ್ಲ.

ಹೊಲಿಗೆಯವಳೂ ನಾನೂ ಹೊಲಕ್ಕೆ ಓಡಿದೆವು. ಸಮಾಧಿಯ ಮೇಲಿನ ಸಡಿಲ ಮಣ್ಣನ್ನು ಅದು ಮೊಣಕೈ ಆಳದವರೆಗೆ ಬಗೆದಿತ್ತು. ಪಕ್ಕದಲ್ಲಿ ರೊಟ್ಟಿ ಚೂರುಗಳಿಗೆ ಇರುವೆ ಮುತ್ತಿತ್ತು.

"ಏನ್ ಮಾಡ್ತಿದೀಯೇ?"

"ಅಪ್ಪನ ಮೇಲೆ ಮಣ್ಣೈತೆ. ಎದ್ದೇಳಕಾಗ್ತಿಲ್ಲ. ನೀವೆಲ್ಲ ಸುಮ್ನೆ ಇದೀರಲ್ಲ," ಎಂದು ನನ್ನನ್ನೇ ಗದರಿತು.

ಕುಡುಗೋಲು ಕಿತ್ತುಕೊಂಡೆ. "ಸತ್ತೋದ ಕಣೇ. ಉಸ್ರಿಲ್ಲ. ಅವ್ನಿಗೆ ಹಸಿವಾಗಲ್ಲ, ನೋವಾಗಲ್ಲ. ಇನ್ನು ಏಳಲ್ಲ."

ಹೊಲಿಗೆಯವಳು ಮಣ್ಣಿನಲ್ಲೇ ಕೂತಳು. "ಅಜ್ಜಿ ಹೇಳಿದ್ದು ನಿಜ ಕಣಮ್ಮ. ನಮ್ಮಪ್ಪ ಸತ್ತಾಗ ನಂಗೂ ಊರಿಗೋಗವ್ರೆ ಅಂದಿದ್ರು. ಎರಡು ವರ್ಷ ಕಡೂರು ಬಸ್ ಸ್ಟ್ಯಾಂಡ್ನಾಗೆ ಕಾದಿದೀನಿ."

ಮಗು ನಂಬಲಿಲ್ಲ. ಬೀದಿಗೆ ಬಂದು ಒಂದೊಂದೇ ಬಾಗಿಲು ತಟ್ಟಿತು. "ನಮ್ಮಪ್ಪ ಸತ್ತೋದ್ನಾ?" ನಾನು ಹಿಂದೆ ನಿಂತು ಒಬ್ಬೊಬ್ಬರನ್ನೂ ದಿಟ್ಟಿಸಿದೆ. ಎಲ್ಲರೂ ಹೂಂ ಅನ್ನಬೇಕಾಯಿತು. ಅಂಗಡಿಯ ಮುದುಕ ಕಡ್ಲೆಮಿಠಾಯಿ ಕೊಡಲು ಹೋದ. "ಮಿಠಾಯಿ ಆಮೇಲೆ ಕೊಡಪ್ಪ, ಮೊದ್ಲು ಬಾಯ್ಬಿಡು," ಅಂದೆ. ಕೊನೆಯ ಮನೆಯ ಮುಂದೆ ಮಗು ಅತ್ತಿತು. ಹೆಂಗಸರು ಸುತ್ತ ಕೂತರು. ಸುಮ್ಮನಿರು ಅನ್ನಲು ನಾನು ಯಾರನ್ನೂ ಬಿಡಲಿಲ್ಲ.

ಈಗ ಅದರ ಅವ್ವ ಅಜ್ಜಂಪುರಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಬಸ್ಸು ತಡವಾದರೆ ಮಗು ಜಗಲಿಗೆ ಬರುತ್ತದೆ. "ಅವ್ವ ಬತ್ತಾಳಾ?"

"ಬತ್ತೀನಿ ಅಂತ ಹೋಗವ್ಳೆ. ಬಂದ್ಮೇಲೆ ಬಂದ್ಲು ಅಂತೀನಿ."

ಬೀದಿಯ ಹೆಂಗಸರು ಕೈಕೆಲಸ ಬಿಟ್ಟು ಒಬ್ಬೊಬ್ಬರಾಗಿ ಬಂದು ಅದರ ಪಕ್ಕ ಕೂರುತ್ತಾರೆ. ಬಂದೇ ಬರುತ್ತಾಳೆ ಎಂದು ಈಗ ಯಾರೂ ಹೇಳುವುದಿಲ್ಲ. ಬುಕ್ಕಾಂಬುಧಿ ಕೆರೆಯ ಕಡೆಯಿಂದ ಬಸ್ಸಿನ ಸದ್ದು ಕೇಳುವವರೆಗೂ ನಾನೂ ರಸ್ತೆಯನ್ನೇ ನೋಡುತ್ತಿರುತ್ತೇನೆ.