ಸುಸನ್ನಾಳ ಸೂಟಿ

ಶಾಲೆ ಮುಚ್ಚಿತೆಂದು ಸುಸನ್ನಾ ಅತ್ತದ್ದು ನಿಜ. ಆದರೆ ಎಷ್ಟಂತ ಅಳುವುದು? ಬೀದರಿನ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಲೇ ಅವಳ ಅರ್ಧ ಆಯುಷ್ಯ ಕಳೆದಿತ್ತು. ಮಾರ್ಚ್ ಮುಗಿಯುತ್ತಲೇ ಆಡಳಿತದವರು ಗೇಟಿಗೆ ಬೀಗ ಜಡಿದು, ಕೈಮುಗಿದು ಕಳಿಸಿಬಿಟ್ಟರು. ಏಪ್ರಿಲ್ ಪೂರ್ತಿ ಬಿಸಿಲಲ್ಲಿ ಅರ್ಜಿ ಹಿಡಿದು ತಿರುಗಿದಳು. ಎಲ್ಲ ಕಡೆಗೂ ಒಂದೇ ಮಾತು: ಜೂನಿನಲ್ಲಿ ಬನ್ನಿ, ನೋಡೋಣ. ಸರಿ, ನೋಡಲಿ. ಅಲ್ಲಿಯ ತನಕ ಗೋಡೆ ನೋಡುತ್ತ ಕೂರುವ ಹೆಂಗಸಲ್ಲ ಅವಳು.

"ಸೂಟಿಗಿ ಹೋಗೂಣು," ಎಂದಳು, ಬೇಸಿಗೆ ರಜೆಯಲ್ಲಿದ್ದ ಮಗಳು ಜೆನಿಫರಳಿಗೆ.

"ಹೈದರಾಬಾದಿಗೇನು ಮಮ್ಮಿ?"

"ಹೈದರಾಬಾದ ಎಲ್ಲೂ ಓಡಿ ಹೋಗಲ್ಲ. ಭಾಲ್ಕಿ ದೊಡ್ಡಮ್ಮನ ಮನಿ, ಅಲ್ಲಿಂದ ಔರಾದ ದಾಟಿ ಡಾಬಕಾದಾಗ ಮಾಮನ ಮನಿ. ಬೇಫಿಕರ್ ತಿರಗೂಣು."

ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆ. ಗೂಡ್ಸ್ ಗಾಡಿ ಓಡಿಸುವ ಗಂಡನಿಗೆ ಬಿಡುವಿಲ್ಲ, ತಾಯಿ ಮಗಳೇ ಹೊರಟರು. ಬರಿಗೈಯಲ್ಲಿ ಹೋದರೆ ಚೆನ್ನವೇ? ಸುಸನ್ನಾ ಶೇಂಗಾ ಹೋಳಿಗೆ ಮಾಡಿ ಅರಿವೆಯಲ್ಲಿ ಕಟ್ಟಿಕೊಂಡಳು. ಬಸ್ ಹತ್ತುವ ಮೊದಲು ಮಗಳ ಗಲ್ಲ ಹಿಡಿದು ಹೇಳಿದಳು: "ನೌಕರಿ ಹೋದದ್ದು ಯಾರ ಮುಂದೂ ಬಾಯಿ ಬಿಡಬ್ಯಾಡ. ತಿಳೀತಿಲ್ಲೋ?" ಹುಡುಗಿ ಹೂಂ ಎಂದಳು.

ಇದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವರ ಚರ್ಚಿನವನೊಬ್ಬನ ಕೆಲಸ ಹೋದಾಗ, ಅವನು ಹೋದ ಮನೆಗಳಲ್ಲೆಲ್ಲ ಅನ್ನದ ಜೊತೆ ಕನಿಕರವನ್ನೂ ಬಡಿಸಿದ್ದರು. ಪಾಪ, ಅವನು ಹೋಗುವುದನ್ನೇ ಬಿಟ್ಟ. ಸುಸನ್ನಾಳಿಗೆ ಬೇಕಾಗಿದ್ದದ್ದು ಸೂಟಿ. ಅಕ್ಕನ ಮನೆಗೆ ತಂಗಿಯಾಗಿ ಹೋಗಬೇಕು, ಅಣ್ಣನ ಮನೆಯಲ್ಲಿ ತಂಗಿಯಾಗಿ ಉಣ್ಣಬೇಕು. "ಅಯ್ಯೋ ಪಾಪ" ಎಂಬ ಒಂದು ಮಾತು ಬಿದ್ದರೂ ಆ ಸೂಟಿ ಅಲ್ಲಿಗೆ ಮುಗಿದಂತೆ.

ಭಾಲ್ಕಿಯಲ್ಲಿ ಅಕ್ಕ ಶರೋನ ಸರಕಾರಿ ದವಾಖಾನೆಯ ನರ್ಸು, ಮುಖ ನೋಡಿಯೇ ಜ್ವರ ಹೇಳುವವಳು. "ಸಾಲಿ ಹ್ಯಾಂಗ ನಡದದ?" ಎಂದು ಕೇಳಿದಳು.

"ಈಗ ಸೂಟಿ ಅದ ಅಲ್ಲೇನಕ್ಕ," ಎಂದು ಸುಸನ್ನಾ ಮಾವಿನಹಣ್ಣಿಗೆ ಬಾಯಿ ಹಾಕಿದಳು. ಸುಳ್ಳೇನೂ ಅಲ್ಲವಲ್ಲ!

ಕಷ್ಟವಿದ್ದದ್ದು ಸಂಜೆಯ ಪ್ರಾರ್ಥನೆಯಲ್ಲಿ. ಅಜ್ಜನ ಕಾಲದಿಂದ ಅವರಲ್ಲೊಂದು ಪದ್ಧತಿ. ಊಟಕ್ಕೆ ಮೊದಲು ಎಲ್ಲರೂ ಚಾಪೆಯ ಮೇಲೆ ಕೂತು, ಯಾವ ವಿಷಯಕ್ಕೆ ಪ್ರಾರ್ಥನೆ ಬೇಕೆಂದು ಒಬ್ಬೊಬ್ಬರಾಗಿ ಹೇಳಬೇಕು. ಮೊದಲ ಸರದಿ ಬಂದವರದು. ಮನುಷ್ಯರ ಮುಂದೆ ಮಾತು ಹಾರಿಸಬಹುದು, ದೇವರ ಮುಂದೆ ಹೇಗೆ? ಸುಸನ್ನಾ, "ದೇಶದಾಗ ಶಾಂತಿ ಇರಲಿ," ಎಂದಳು. ಶರೋನ ಹುಬ್ಬೇರಿಸಿದಳು, ಆದರೆ ಕೆದಕಲಿಲ್ಲ.

ಡಾಬಕಾದಲ್ಲಿ ಅಣ್ಣ ವಿಲಿಯಂ ಹೊಲ ಮನೆ ನೋಡಿಕೊಂಡಿದ್ದ. ದೊಡ್ಡ ಗಂಟಲಿನವನು. ಅವನು ಪ್ರಾರ್ಥನೆಗೆ ಕೂತನೆಂದರೆ ಸಾರು ಆರುವುದು ಖಾತ್ರಿ. ಹಗಲೆಲ್ಲ ಸುಸನ್ನಾ ಬೇವಿನ ಮರದ ಕೆಳಗೆ ಅಣ್ಣನ ಹೆಂಡತಿ ವೈನಿಯ ಜೊತೆ ಚೌಕಾಬಾರಾ ಆಡಿದಳು, ಜಗಳಾಡಿದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಂಜೆಯಾದರೆ ಮತ್ತೆ ದೇಶದ ಶಾಂತಿ, ಒಮ್ಮೆ ಮಳೆ, ಒಮ್ಮೆ ಎಲ್ಲರ ಆರೋಗ್ಯ. ತನ್ನ ಹೊಟ್ಟೆಯೊಳಗಿನ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿದಳು.

ಹೊರಡುವ ಹಿಂದಿನ ಸಂಜೆ. ಸುಸನ್ನಾ ಯಥಾಪ್ರಕಾರ ದೇಶಕ್ಕೆ ಶಾಂತಿ ಬೇಡಿದಳು. ವಿಲಿಯಂ ಸೋದರಸೊಸೆಯ ಕಡೆ ತಿರುಗಿದ. "ನಿಂದೇನವ್ವ ಜೆನಿಫರ?"

ಹುಡುಗಿ ಆಗಲೇ ಕಣ್ಣು ಮುಚ್ಚಿ ಕೈ ಜೋಡಿಸಿದ್ದಳು. "ನಮ್ಮ ಸೂಟಿ ನಾಳಿ ಮುಗೀಬಾರದು ಅಂತ ಕೇಳ್ರಿ ಮಾಮಾ. ಇಲ್ಲಿ ಮಮ್ಮಿ ನಗ್ತಾಳ. ಬೀದರದಾಗ ಬಚ್ಚಲದಾಗ ನಳ ಬಿಟ್ಟು ಅಳ್ತಾಳ."

ಸುಸನ್ನಾಳ ಮುಖ ಕೆಂಡವಾಯಿತು. ಮಗಳ ತೊಡೆ ಚಿವುಟಬೇಕೆಂದು ಕೈ ಚಾಚಿದಳು. ಪೋರಿ ಕೊಟ್ಟ ಮಾತು ಮುರಿದಿರಲಿಲ್ಲ, ನೌಕರಿಯ ಸುದ್ದಿ ಎತ್ತಿರಲೇ ಇಲ್ಲ. ಬೀದರಿನಲ್ಲಿ ಆ ನಳದ ಸದ್ದಿನ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು, ಅಷ್ಟೇ. ಚಾಚಿದ ಕೈ ಮಗಳ ತಲೆಯ ಮೇಲೆ ಕೂತಿತು. ಸುಸನ್ನಾ ತಲೆ ಎತ್ತಿದಳು.

"ಅಣ್ಣಾ, ನನ್ನ ನೌಕರಿ ಹೋಗ್ಯದ. ಸಾಲಿನೇ ಮುಚ್ಯಾರ. ಪ್ರಾರ್ಥನಾ ಮಾಡು, ಬ್ಯಾಡ ಅನ್ನಲ್ಲ. ಆದ್ರ ಯಾರರೆ ಅಯ್ಯೋ ಪಾಪ ಅಂದ್ರಿ ಅಂದ್ರ ಈಗಿಂದೀಗ ಚೀಲ ಎತಗೊಂಡು ಹೋಗ್ತೇನಿ ನೋಡು. ನಾ ಸೂಟಿಗಿ ಬಂದೇನಿ!"

"ಅಯ್..." ಎಂದು ಶುರು ಮಾಡಿದ ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವಿಲಿಯಂ ತಂಗಿಗೆ ತಲೆಯಾಡಿಸಿದ. ಆಮೇಲೆ ಕಣ್ಣು ಮುಚ್ಚಿದ. ಆ ಸಂಜೆ ಸಾರು ಆರಲಿಲ್ಲ.

"ಪ್ರಭುವೇ, ನನ್ನ ತಂಗಿಗಿ ನೌಕರಿ ಬೇಕು. ಜೂನದಾಗ ಕೊಡು. ಅದಕ್ಕೂ ಮೊದಲ ಕೊಡಬ್ಯಾಡ. ಈಗ ಆಕಿ ಸೂಟಿಗಿ ಬಂದಾಳ."

"ಆಮೆನ್!" ಎಂದಳು ಸುಸನ್ನಾ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ. ಕಣ್ಣೊರೆಸಿಕೊಂಡು ತಾಟು ಎಳೆದುಕೊಂಡಳು. "ವೈನಿ, ನಾಳಿ ಹೋಗಲ್ಲ ನಾ. ಮುಂಜಾನಿ ಚೌಕಾಬಾರಾ ಹಾಸ್ರಿ. ನಿನ್ನಿ ನೀವು ಮೋಸ ಮಾಡೀರಿ."