ಸೀಸ ಕರಗಿದ ಹಂಚು

ಬ್ಯಾಟರಿ ಕಾಕಾನ ಪ್ಯಾಂಟಿನ ತುಂಬ ತೂತು. ಆ್ಯಸಿಡ್ ಸಿಡಿದು ಸುಟ್ಟ, ಕಡಲೆ ಗಾತ್ರದ ತೂತುಗಳು. ಲಕ್ಷ್ಮೇಶ್ವರದ ಬಜಾರಿನಲ್ಲಿ ಅವರ ಕಾರು ಬ್ಯಾಟರಿಯ ಅಂಗಡಿ. ಬಾಡಿಗೆ ಕಾರು ಓಡಿಸುವ ನಾನು ಬಹಳ ವರ್ಷಗಳ ಗಿರಾಕಿ.

ಅಂಥ ಸಂಶಯದ ಮನುಷ್ಯನನ್ನು ನಾನು ಕಂಡಿಲ್ಲ. ಚಹಾ ತಂದುಕೊಟ್ಟರೂ ಕಪ್ಪಿನೊಳಗೆ ಇಣುಕಿಯೇ ಕುಡಿಯುವರು. ಹಳೆಯ ಬ್ಯಾಟರಿ ತಂದರೆ ಅಲುಗಾಡಿಸಿ, ಮೂಸಿ, "ಇದರಾಗಿನ ನೀರ ಎಲ್ಲಿ ಚೆಲ್ಲೀರಿ?" ಎಂದು ಫೌಜದಾರನಂತೆ ಕೇಳುವರು. ಹಳೆಯವನ್ನೆಲ್ಲ ಹಿಂದಿನ ಕೋಣೆಯಲ್ಲಿ ಬೀಗ ಹಾಕಿಟ್ಟು, ಕಾರ್ಖಾನೆಯ ಲಾರಿ ಬಂದಾಗ ಏರಿಸುತ್ತಾರಂತೆ. ನಾನು ನಂಬಲಿಲ್ಲ. ಒಳಗೊಳಗೇ ಸೀಸ ಕರಗಿಸಿ ಮಾರುತ್ತಿರಬೇಕು, ತಾ ಕಳ್ಳ ಪರರ ನಂಬ ಎಂದುಕೊಂಡೆ.

ಅದಕ್ಕೇ ಒಂದು ಸಲ ಹಳೆಯ ಬ್ಯಾಟರಿ ಅವರಿಗೆ ಕೊಡಲಿಲ್ಲ. ಬೆಳ್ಳಟ್ಟಿಯಲ್ಲಿರುವ ಹೆಂಡತಿಯ ತಮ್ಮನಿಗೆ ಮೀನಿನ ಬಲೆಗೆ ಕಟ್ಟಲು ಸೀಸದ ಗುಂಡು ಬೇಕಿತ್ತು. ಶಿರಹಟ್ಟಿಯ ನಮ್ಮ ಹಿತ್ತಲಲ್ಲಿ ಬ್ಯಾಟರಿ ಒಡೆದು, ರೊಟ್ಟಿ ಬೇಯಿಸುವ ಕಬ್ಬಿಣದ ಹಂಚಿನಲ್ಲೇ ಕರಗಿಸಿಕೊಟ್ಟೆ. ಹಂಚನ್ನು ಬೂದಿಯಲ್ಲಿ ತಿಕ್ಕಿ ಮತ್ತೆ ಒಲೆಯ ಮೇಲಿಟ್ಟೆ. ಆಗ ಹೆಂಡತಿಗೆ ನಾಲ್ಕು ತಿಂಗಳು.

ವಾರದ ಮೇಲೆ ಹೊಸ ಬ್ಯಾಟರಿಗೆ ಹೋಗಿ, "ಹಳೇದು ಕಳುವಾತ್ರಿ" ಎಂದೆ. ಕಾಕಾ ನನ್ನ ಕೈ ನೋಡಿದರು.

"ಲೇ, ಕಳ್ಳ ಒಯ್ದರ ನಿನ್ನ ಬೆರಳು ಯಾಕ ಸುಟ್ಟಾವು? ಎದರಾಗ ಕರಗಿಸಿದಿ?"

"ರೊಟ್ಟಿ ಹಂಚಿನಾಗ್ರಿ."

ಅಂಗಡಿ ಮುಚ್ಚಿ ನನ್ನ ಬೈಕ್ ಹತ್ತಿದರು. ನಮ್ಮ ಅಡುಗೆಮನೆಗೆ ನುಗ್ಗಿ ಕಾದ ಹಂಚಿನ ಮೇಲಿನ ರೊಟ್ಟಿ ಕಿತ್ತೆಸೆದರು. "ತಂಗಿ, ಇದು ತಿಕ್ಕಿದರ ಹೋಗೂ ವಿಷ ಅಲ್ಲ. ನಾಳೆ ಗದಗಿಗೆ ಹೋಗಿ ರಕ್ತ ತೋರಿಸವ್ವಾ."

ನನಗೆ ಸಿಟ್ಟು ಬಂತು. "ನೀವು ಕರಗಿಸೂದಿಲ್ಲೇನ್ರಿ?"

ಕಾಕಾ ಅಲ್ಲೇ ಕುಳಿತುಬಿಟ್ಟರು. "ಕರಗಿಸ್ತಿದ್ನೆಪಾ, ಹಿಂದಕ, ನಮ್ಮ ಹಿತ್ತಲದಾಗ. ನನ್ನ ಮಗಳು ಅದ ಹಿತ್ತಲದಾಗ ಆಡತಿದ್ಲು. ಆ ವಿಷ ತಲಿಗೇರಿ ಇವತ್ತಿಗೂ ಆಕಿಗೆ ಎರಡಕ್ಷರ ಕೂಡಿಸಾಕ ಬರಂಗಿಲ್ಲ. ಊರ ಮಂದಿ ಮ್ಯಾಲೆಲ್ಲಾ ಸಂಶೆ ಪಟ್ಟೆ, ನನ್ನ ಮ್ಯಾಲ ಪಡಲಿಲ್ಲ."

ಹೋಗುವಾಗ ಹಂಚನ್ನೂ, ಹಿತ್ತಲಲ್ಲಿ ಕೆರೆದ ಮಣ್ಣನ್ನೂ ಚೀಲದಲ್ಲಿ ಕಟ್ಟಿಕೊಂಡು ಹೋದರು. ಹೆಂಡತಿಯ ರಕ್ತದಲ್ಲಿ ಸೀಸ ಸಿಕ್ಕಿತು. ಬೇಗ ಗೊತ್ತಾಗಿದ್ದು ಪುಣ್ಯ ಎಂದರು ಡಾಕ್ಟರು. ಆ ಪುಣ್ಯವೆಲ್ಲ ಕಾಕಾನದು, ಅವರನ್ನು ಕಳ್ಳನೆಂದುಕೊಂಡಿದ್ದಕ್ಕೆ ನನಗೆ ಇಂದಿಗೂ ನಾಚಿಕೆ.

ಹೋದ ವರ್ಷ ಅವರು ಕಿಡ್ನಿ ಕೆಟ್ಟು ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ, ಅಂದು ಹೊಟ್ಟೆಯಲ್ಲಿದ್ದ ನನ್ನ ಆರು ವರ್ಷದ ಮಗಳೂ ಜೊತೆಗಿದ್ದಳು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಗಟ್ಟಿಯಾಗಿ ಓದತೊಡಗಿದಳು. ಮೂವತ್ತರ ಹತ್ತಿರದ ಕಾಕಾನ ಮಗಳು ಅವಳ ಬಾಯನ್ನೇ ನೋಡುತ್ತ ಕುಳಿತಿದ್ದಳು.

"ಇನ್ನೊಮ್ಮಿ ಓದ," ಎಂದಳು.

ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಬಂದೆ.